ತೆಂಗಿನ ನುಸಿಯೂ ತೊಗರಿಯ ಗೊಡ್ಡೂ

ಕಳೆದ ದಶಂಬರದ ರಜೆಯಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಾಸಾರಶಿರಸಿಗೆ ಹೋಗಿ ಬಂದೆ. ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ನನ್ನ ಜತೆ ಒಂದೇ ಕೋಣೆಯಲ್ಲಿದ್ದ ಗೆಳೆಯನ ಊರು ಅದು. ಉಮರ್ಗಾ, ನಿಲಂಗಾ, ಉದಗೀರ ಎಂದು ಸಾಗುವ ಆ ಗಡಿಪಟ್ಟಿಯಲ್ಲಿ ಇಂದಿಗೂ ಎಷ್ಟೋ ಮನೆಗಳೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ನಮ್ಮ ಕಾಸರಗೋಡಿನ ಸ್ಥಿತಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಇಂದು ನಾನು ಬರೆಯಹೊರಟದ್ದು ಭಾಷೆಯ ವಿಚಾರವಲ್ಲ, ಒಂದು ನುಸಿಯ ವಿಚಾರ.

ಗೆಳೆಯನ ತಂದೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಎರೆಭೂಮಿ. ಸೋಯಾಬೀನ್ ಕೊಯ್ದಾಗಿತ್ತು, ನಡುವಿನ ಸಾಲುಗಳಲ್ಲಿ ತೊಗರಿ ಮಾತ್ರ ನಿಂತಿತ್ತು. ಅಕ್ಕಪಕ್ಕದ ಹೊಲಗಳಲ್ಲಿ ಕಾಯಿ ಬಲಿತು ಗಿಡ ಹಳದಿಗೆ ತಿರುಗುತ್ತಿದ್ದರೆ ಇವರ ಹೊಲದ ಒಂದು ಮಗ್ಗುಲು ಮಾತ್ರ ಮಳೆಗಾಲದ ಹಾಗೆ ಹಸಿರು. ಮೊದಲ ನೋಟಕ್ಕೆ ಸಂತೋಷವಾಗುವಂತಿತ್ತು. ಹತ್ತಿರ ಹೋಗಿ ನೋಡಿದರೆ ಎಲೆಗಳು ಸಣ್ಣ, ಮೇಲೆಲ್ಲ ತಿಳಿಹಳದಿಯ ಚಿತ್ತಾರ, ಗಿಡ ಪೊದೆಯಂತೆ ಕವಲೊಡೆದಿದೆ. ಹೂವಿಲ್ಲ, ಕಾಯಿಯಿಲ್ಲ.

"ನೋಡ್ರಿ ಮಾಸ್ತರ್ರ, ಎಷ್ಟು ಹಸರ ಅದ! ಎತ್ತಿಗಿ ಮೇವು ಆಗ್ತದ, ಮನಿಗಿ ಬ್ಯಾಳಿ ಆಗಂಗಿಲ್ಲ. ಗೊಡ್ಡು ಬಿದ್ದದ. ಮೂರು ಸಲ ಎಣ್ಣಿ ಹೊಡದೀನಿ" ಎಂದರು ಆ ಹಿರಿಯರು.

ಎಣ್ಣೆ ಎಂದರೆ ಅಲ್ಲಿ ಕೀಟನಾಶಕ. ಪೇಟೆಯ ಅಂಗಡಿಯವನು ಕೊಟ್ಟದ್ದನ್ನು ಹೊಡೆದಿದ್ದಾರೆ. ಮೊದಲ ಸಲ ಒಂದು ಬಾಟಲಿ, ಎರಡನೆಯ ಸಲ ಇನ್ನೊಂದು, ಮೂರನೆಯ ಸಲ ಎರಡನ್ನೂ ಬೆರೆಸಿ. ಯಾವ ಹುಳಕ್ಕಾಗಿ ಎಂದು ಕೇಳಿದೆ. "ಹುಳಾ ಎಲ್ಲಿ ಅದ ಕಾಕಾನ ಹೊಲದಾಗ? ರೋಗ ಅದ" ಎಂದು ಗೆಳೆಯನೇ ನಕ್ಕ. ಬೀಜವೇ ಕೆಟ್ಟದ್ದಿರಬೇಕು, ಮುಂದಿನ ವರ್ಷ ಬೀಜದ ಅಂಗಡಿ ಬದಲಿಸಬೇಕು ಎಂಬುದು ಮನೆಯವರ ತೀರ್ಮಾನ.

ನನಗೆ ನಮ್ಮ ಮನೆಯ ತೆಂಗಿನ ತೋಟ ನೆನಪಾಯಿತು.

1998ರ ಮಂಡರಿ

ನಲುವತ್ತು ದಾಟಿದ ಓದುಗರಿಗೆಲ್ಲ ಆ ವರ್ಷಗಳ ನೆನಪು ಇದ್ದೇ ಇರುತ್ತದೆ. 1998ರಲ್ಲಿ ಎರ್ನಾಕುಳಂ ಜಿಲ್ಲೆಯ ಆಂಬಲ್ಲೂರು ಪಂಚಾಯತಿನಲ್ಲಿ ಭಾರತದಲ್ಲೇ ಮೊದಲ ಬಾರಿಗೆ ತೆಂಗಿನ ನುಸಿ ಪತ್ತೆಯಾಯಿತು. ಮಲಯಾಳದಲ್ಲಿ ಮಂಡರಿ ಎಂದರು, ನಮ್ಮವರೂ ಹಾಗೆಯೇ ಕರೆದರು. ಘಟ್ಟದ ಮೇಲೆ ನುಸಿರೋಗ ಎಂದರು. ನೋಡನೋಡುತ್ತಿದ್ದಂತೆ ಕೇರಳ, ತಮಿಳುನಾಡು, ಕರ್ನಾಟಕದ ತೋಟಗಳಿಗೆ ಹಬ್ಬಿತು. ಎಳೆಕಾಯಿಯ ತೊಟ್ಟಿನ ಕೆಳಗೆ ಬಿಳಿಹಳದಿಯ ತ್ರಿಕೋನ ಮಚ್ಚೆ, ಅದು ಕಂದಾಗಿ ಬಿರಿದು ಅಂಟು ಸುರಿಯುವುದು, ಕೊನೆಗೆ ಮುಷ್ಟಿಯಷ್ಟೇ ಉಳಿದ ಸೊಟ್ಟ ಕಾಯಿ. ಸಿಪ್ಪೆ ಸುಲಿಯುವುದೇ ಒಂದು ಶಿಕ್ಷೆಯಾಗಿತ್ತು.

ಆಗಲೂ ಮೊದಲು ಕೈಹಾಕಿದ್ದು ಬಾಟಲಿಗೆ. ಮರಕ್ಕೆ ಸಿಂಪಡಿಸಿದರು. ಬೇರಿನ ತುದಿಯನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಮೊನೊಕ್ರೊಟೊಫಾಸ್ ಕಟ್ಟಿ ಉಣಿಸಿದರು. ಉಣಿಸಿದ ಮೇಲೆ 45 ದಿನ ಕಾಯಿ ಕೀಳಬಾರದೆಂಬ ಸೂಚನೆಯಿತ್ತು. ದಿನವೂ ಪದಾರ್ಥಕ್ಕೆ ಕಾಯಿ ಅರೆಯುವ ಮನೆಗಳಲ್ಲಿ ಈ ಲೆಕ್ಕವನ್ನು ಎಷ್ಟು ಮಂದಿ ಇಟ್ಟರೋ ದೇವರೇ ಬಲ್ಲ. ನಮ್ಮ ಮನೆಯಲ್ಲಿ ಯಾವ ಮರಕ್ಕೆ ಕಟ್ಟಿದ್ದು, ಯಾವುದಕ್ಕೆ ಇಲ್ಲ ಎಂಬುದೇ ಮರೆತುಹೋಗಿತ್ತು. ಇಷ್ಟೆಲ್ಲ ಮಾಡಿಯೂ ಮುಂದಿನ ಗೊನೆಯಲ್ಲಿ ಅದೇ ಮಚ್ಚೆ.

ಕಾಸಾರಶಿರಸಿಯ ಹೊಲದಲ್ಲಿ ನಿಂತು ನಾನು ಹೇಳಿದೆ, ಇಲ್ಲಿ ಹುಳ ಉಂಟು, ಆದರೆ ಕಣ್ಣಿಗೆ ಕಾಣುವುದಿಲ್ಲ, ಅದು ನಮ್ಮ ತೆಂಗಿನ ನುಸಿಯ ಹತ್ತಿರದ ಬಂಧು ಎಂದು. ಅವರು ನಂಬಿದಂತೆ ಕಾಣಲಿಲ್ಲ. ತೆಂಗೆಲ್ಲಿ, ತೊಗರಿಯೆಲ್ಲಿ!

ಒಂದೇ ಕುಲದವು

ನಂಬಲಾಗದಿದ್ದರೂ ಸಂಗತಿ ನಿಜ. ನುಸಿ ಎಂದರೆ ಕೀಟವಲ್ಲ. ಕೀಟಕ್ಕೆ ಆರು ಕಾಲು. ಜೇಡ, ಉಣ್ಣಿಗಳ ಬಳಗಕ್ಕೆ ಸೇರಿದ ನುಸಿಗೆ ಸಾಮಾನ್ಯವಾಗಿ ಎಂಟು ಕಾಲು. ಆದರೆ ಎರಿಯೋಫೈಡ್ ಎಂಬ ಕುಟುಂಬದ ನುಸಿಗಳಿಗೆ ನಾಲ್ಕೇ ಕಾಲು, ಅವೂ ತಲೆಯ ಹತ್ತಿರ. ಮೈ ಎಳ್ಳಿನಂತೆ ಉರುಟಲ್ಲ, ಹುಳುವಿನಂತೆ ನೀಳ. ಉದ್ದ ಹೆಚ್ಚೆಂದರೆ ಮಿಲಿಮೀಟರಿನ ಕಾಲು ಭಾಗ. ಮಕ್ಕಳ ಅಡಿಕೋಲಿನ ಒಂದು ಮಿಲಿಮೀಟರ್ ಗೆರೆಯೊಳಗೆ ನಾಲ್ಕು ನುಸಿಗಳು ಒಂದರ ಹಿಂದೆ ಒಂದು ಮಲಗಬಹುದು.

ಈ ಕುಟುಂಬದಲ್ಲಿ ಅಸೇರಿಯಾ ಎಂಬುದು ಒಂದು ಕುಲ. ತೆಂಗಿನ ನುಸಿ ಅಸೇರಿಯಾ ಗೆರೆರೋನಿಸ್. ಮೆಕ್ಸಿಕೋ ದೇಶದ ಗೆರೆರೋ ಪ್ರಾಂತ್ಯದಿಂದ ಬಂದ ಮಾದರಿಗಳನ್ನು ನೋಡಿ 1965ರಲ್ಲಿ ಅಮೆರಿಕದ ಕೈಫರ್ ಎಂಬ ವಿಜ್ಞಾನಿ ಇಟ್ಟ ಹೆಸರು. ತೊಗರಿಯ ನುಸಿ ಅಸೇರಿಯಾ ಕಜಾನಿ. ಇದಕ್ಕೆ ಹೆಸರಿಟ್ಟವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಚನ್ನಬಸವಣ್ಣನವರು, 1966ರಲ್ಲಿ. ನಮ್ಮ ಅಂಗಳದ ಮಲ್ಲಿಗೆಯ ಎಲೆಯ ಮೇಲೆ ಬಿಳಿ ಕಂಬಳಿಯ ತುಂಡಿನಂಥ ತುಪ್ಪುಳು ಬೆಳೆಯುವುದನ್ನು ಹೆಂಗಸರು ಬೂಷ್ಟು ಎಂದು ಕಿತ್ತೆಸೆಯುತ್ತಾರಲ್ಲ, ಅದೂ ಬೂಷ್ಟಲ್ಲ, ಅಸೇರಿಯಾ ಜಾಸ್ಮಿನಿ ಎಂಬ ನುಸಿಯ ಕೆಲಸ. ಅದರ ಹೆಸರಿನ ಹಿಂದೆಯೂ ಚನ್ನಬಸವಣ್ಣನವರೇ ಇದ್ದಾರೆ. ಕರಾವಳಿಯ ಮಲ್ಲಿಗೆ, ಎರೆಭೂಮಿಯ ತೊಗರಿ, ಕಲ್ಪವೃಕ್ಷವೆಂಬ ತೆಂಗು, ಮೂರಕ್ಕೂ ಕಾಟ ಕೊಡುವುದು ಒಂದೇ ಕುಲದ ಕುಡಿಗಳು.

ಇವುಗಳ ಬಾಳಿನ ಕ್ರಮವೂ ಒಂದೇ ಬಗೆ. ಮೊಟ್ಟೆ, ಎರಡು ಹಂತದ ಮರಿ, ಆ ಮೇಲೆ ಬೆಳೆದ ನುಸಿ. ಚಿಟ್ಟೆಗಿರುವಂತೆ ಕೋಶಾವಸ್ಥೆಯ ರಗಳೆ ಇಲ್ಲ. ಬೆಚ್ಚಗಿನ ಹವೆಯಲ್ಲಿ ತೆಂಗಿನ ನುಸಿಗೆ ಮೊಟ್ಟೆಯಿಂದ ಪ್ರಾಯಕ್ಕೆ ಬರಲು 8ರಿಂದ 10 ದಿನ ಸಾಕು. ತೊಗರಿಯ ನುಸಿಗೂ ಎರಡು ವಾರಕ್ಕಿಂತ ಹೆಚ್ಚು ಬೇಡ. ಎರಡಕ್ಕೂ ರೆಕ್ಕೆಯಿಲ್ಲ. ಎರಡೂ ದೂರ ಹೋಗುವುದು ಗಾಳಿಯ ಮೇಲೆ. ಎರಡೂ ತಮ್ಮ ಗಿಡವನ್ನು ಬಿಟ್ಟು ಕಂಡಕಂಡ ಗಿಡದಲ್ಲಿ ಬದುಕುವವಲ್ಲ.

ಹೆಸರು ಮುಚ್ಚಿದ ಸತ್ಯ

ಇಷ್ಟು ಹತ್ತಿರದ ಬಂಧುಗಳಾದ ಮೇಲೆ ಒಂದೇ ಮದ್ದು ಸಾಲದೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ವಿಷಯದ ತಿರುಳಿರುವುದು. ತೆಂಗಿನದ್ದನ್ನು ನಾವು ನುಸಿರೋಗ ಎನ್ನುತ್ತೇವೆ. ನಿಜಕ್ಕೂ ಅಲ್ಲಿ ರೋಗವೇ ಇಲ್ಲ. ಕೇಡು ಮಾಡುವುದು ನುಸಿಯೇ. ತೊಗರಿಯದ್ದನ್ನು ಗೊಡ್ಡುರೋಗ ಎನ್ನುತ್ತೇವೆ. ಅಲ್ಲಿ ರೋಗ ಉಂಟು, ಆದರೆ ಆ ಹೆಸರಿನಲ್ಲಿ ನುಸಿಯ ಸುಳಿವೇ ಇಲ್ಲ. ಮರಾಠಿಯ ವಾಂಝ ರೋಗವೆಂಬ ಮಾತಿನಲ್ಲೂ ಇಲ್ಲ. ಒಂದು ಹೆಸರು ಇಲ್ಲದ ರೋಗವನ್ನು ಹೇಳುತ್ತದೆ, ಇನ್ನೊಂದು ಇರುವ ನುಸಿಯನ್ನು ಮರೆಸುತ್ತದೆ. ರೈತನ ದುಡ್ಡು ಈ ಎರಡು ಹೆಸರುಗಳ ಸಂದಿಯಲ್ಲಿ ಸೋರಿಹೋಗುತ್ತಿದೆ.

ತೆಂಗಿನ ನುಸಿ ಎಲ್ಲಿರುತ್ತದೆ? ಎಳೆಕಾಯಿಯ ತೊಟ್ಟಿಗೆ ಟೋಪಿಯಂತೆ ಅಂಟಿಕೊಂಡ ಎಸಳುಗಳ ಅಡಿಯಲ್ಲಿ. ಕಾಯಿ ತೀರ ಎಳೆಯದಿರುವಾಗ ಆ ಟೋಪಿ ಬಿಗಿ, ನುಸಿಗೂ ಒಳಗೆ ಜಾಗವಿಲ್ಲ. ಸುಮಾರು ಒಂದು ತಿಂಗಳಾದಾಗ ಕೂದಲೆಳೆಯಷ್ಟು ಸಂದು ಬಿಡುತ್ತದೆ. ನುಸಿ ಹೊಕ್ಕು ಮೃದುವಾದ ಅಂಗಾಂಶದ ರಸ ಹೀರತೊಡಗುತ್ತದೆ. ಅದನ್ನು ತಿನ್ನುವ ಪರಭಕ್ಷಕ ನುಸಿಗಳೂ ಉಂಟು. ಆದರೆ ಅವುಗಳ ಮೈ ದೊಡ್ಡದು, ಸಂದು ಇನ್ನಷ್ಟು ಅಗಲವಾದ ಮೇಲೆಯೇ ಅವಕ್ಕೆ ಪ್ರವೇಶ. ಅಷ್ಟರಲ್ಲಿ ಒಳಗೆ ಸಾವಿರಗಟ್ಟಲೆ ಸಂತಾನ. ಮೇಲಿನಿಂದ ಸುರಿದ ವಿಷ ಈ ಟೋಪಿಯ ಅಡಿಗೆ ಇಳಿಯುವುದಿಲ್ಲ. ಹೊರಗೆ ತಿರುಗುವ ಪರಭಕ್ಷಕಗಳು ಸಾಯುತ್ತವೆ, ಒಳಗಿನ ನುಸಿ ಸುಖವಾಗಿರುತ್ತದೆ. ಮೇಲಾಗಿ ತೆಂಗು ತಿಂಗಳಿಗೊಂದರಂತೆ ಹೊಸ ಹೊಂಬಾಳೆ ಬಿಡುವ ಮರ. ನುಸಿಗೆ ಬೇಕಾದ ಪ್ರಾಯದ ಕಾಯಿ ವರ್ಷದ ಯಾವ ದಿನವೂ ಮರದಲ್ಲಿ ಇದ್ದೇ ಇರುತ್ತದೆ.

ತೊಗರಿಯ ನುಸಿಯ ಬಾಳು ಬೇರೆ. ಅದು ಚಿಗುರೆಲೆಯ ಅಡಿಭಾಗದಲ್ಲಿ ಬಯಲಿನಲ್ಲೇ ಇರುತ್ತದೆ. ಅದರ ಸೂಜಿಮೂತಿ ಎಷ್ಟು ಗಿಡ್ಡವೆಂದರೆ ಎಲೆಯ ಹೊರಪದರದ ಕೋಶವನ್ನಷ್ಟೇ ಚುಚ್ಚಬಲ್ಲದು. ಅದು ಹೀರುವುದರಿಂದ ಗಿಡಕ್ಕೆ ಕಣ್ಣಿಗೆ ಕಾಣುವ ಹಾನಿಯೇನೂ ಇಲ್ಲ. ಹಾನಿ ಮಾಡುವುದು ಅದು ಹೊತ್ತು ತರುವ ವೈರಸ್. ರೋಗದ ಗಿಡದ ಮೇಲೆ ಕಾಲು ಗಂಟೆ ಮೇಯ್ದರೆ ಸಾಕು, ನುಸಿ ವೈರಸ್ಸನ್ನು ಪಡೆಯಬಲ್ಲದು. ಒಳ್ಳೆಯ ಗಿಡದ ಮೇಲೆ ಒಂದೂವರೆ ಗಂಟೆ ಮೇಯ್ದರೆ ದಾಟಿಸಬಲ್ಲದು. ಬಿತ್ತಿದ 45 ದಿನಗಳೊಳಗೆ ವೈರಸ್ ತಗುಲಿದ ಗಿಡ ಹೂ ಬಿಡುವ ಆಸೆಯನ್ನೇ ಬಿಡಬೇಕು. ಅನಂತರ ತಗುಲಿದರೆ ಕೆಲವು ಕೊಂಬೆ ಮಾತ್ರ ಗೊಡ್ಡಾಗಬಹುದು. ಗಿಡವನ್ನು ಗೊಡ್ಡು ಎಂದು ಬೈಯುವುದು ಸುಲಭ, ಆದರೆ ಗಿಡದ ತಪ್ಪೇನೂ ಇಲ್ಲ.

ಈ ಸತ್ಯವನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೇ ಎಷ್ಟು ಕಾಲ ಹಿಡಿಯಿತೆಂದು ನೋಡಿ. ಬಿಹಾರದ ಪೂಸಾದಲ್ಲಿ ಈ ರೋಗ ದಾಖಲಾದದ್ದು 1931ರಲ್ಲಿ. ನುಸಿಯೇ ವಾಹಕವೆಂದು ತಿಳಿದದ್ದು 1962ರಲ್ಲಿ. 1970ರ ದಶಕದಲ್ಲಿ ಹೈದರಾಬಾದಿನ ಬಳಿಯ ಪಟಾಂಚೆರುವಿನ ಇಕ್ರಿಸಾಟ್ ಸಂಸ್ಥೆಯವರು ಒಂದು ಸರಳ ಉಪಾಯ ಹೂಡಿದರು. ರೋಗದ ಎಲೆಯೊಂದನ್ನು ಎಳೆಯ ಗಿಡದ ಎಲೆಗೆ ಕಚೇರಿಯ ಸ್ಟೇಪ್ಲರಿನಿಂದ ಕಚ್ಚಿಸಿಬಿಡುವುದು. ರೋಗದ ಎಲೆ ಒಣಗುತ್ತ ಬಂದಂತೆ ನುಸಿಗಳು ತಾವಾಗಿ ಹಸಿ ಎಲೆಗೆ ನಡೆದುಹೋಗುತ್ತವೆ. ಯಾವ ತಳಿ ರೋಗವನ್ನು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಸಾವಿರಾರು ತಳಿಗಳನ್ನು ಸೋಸಲು ಇದರಿಂದ ಸಾಧ್ಯವಾಯಿತು. ಆದರೂ ನುಸಿ ಹೊರುವ ವಸ್ತು ನಿಶ್ಚಯವಾಗಿ ಒಂದು ವೈರಸ್ ಎಂದು ಗುರುತಿಸಲು 2000ದ ಆಸುಪಾಸಿನವರೆಗೆ ಕಾಯಬೇಕಾಯಿತು. ಸುಮಾರು ಎಪ್ಪತ್ತು ವರ್ಷ! ಹೀಗಿರುವಾಗ ಕಾಸಾರಶಿರಸಿಯ ಹಿರಿಯರು ಬೀಜವನ್ನು ದೂರಿದರೆ ತಪ್ಪು ಹೇಳುವುದು ಹೇಗೆ?

ಬೀಜದ ಮಾತು, ಬೇಸಿಗೆಯ ಮಾತು

ಆದರೆ ಈಗ ಗೊತ್ತಾಗಿದೆಯಲ್ಲ. ಗೊತ್ತಾದದ್ದು ಹೊಲಕ್ಕೆ ಬರಬೇಕು.

ಈ ವೈರಸ್ ಬೀಜದಲ್ಲಿ ದಾಟುವುದಿಲ್ಲ. ಆದ್ದರಿಂದ ಬೀಜದ ಅಂಗಡಿಯನ್ನು ಬದಲಿಸಿದರೆ ರೋಗ ಹೋಗದು. ಬದಲಿಸಬೇಕಾದದ್ದು ತಳಿಯನ್ನು. ಇಲ್ಲಿಯೂ ಎಚ್ಚರ ಬೇಕು. 1980ರ ದಶಕದಲ್ಲಿ ಕಲಬುರಗಿ ಕಡೆಗೆ ಬಂದ ಮಾರುತಿ ತಳಿ ನೆಟೆರೋಗವನ್ನು ತಡೆಯಿತು, ರೈತರು ಅದನ್ನು ಮೆಚ್ಚಿದರು. ಆದರೆ ಗೊಡ್ಡುರೋಗಕ್ಕೆ ಅದು ಸುಲಭವಾಗಿ ತುತ್ತಾಗುವ ತಳಿ. ರೋಗನಿರೋಧಕ ಎಂಬ ಮಾತು ಕೇಳಿದೊಡನೆ ಯಾವ ರೋಗ ಎಂದು ಕೇಳಬೇಕು. ಎರಡನ್ನೂ ತಡೆಯಲೆಂದು ಬಂದದ್ದು ಇಕ್ರಿಸಾಟ್‌ನ ಆಶಾ. ಕಾಸಾರಶಿರಸಿಯವರದೇ ಮರಾಠವಾಡದಲ್ಲಿ, ಜಾಲನಾ ಜಿಲ್ಲೆಯ ಬದನಾಪುರದ ಸಂಶೋಧನ ಕೇಂದ್ರದಿಂದ ಬಿ.ಎಸ್.ಎಂ.ಆರ್. 736, ಬಿ.ಎಸ್.ಎಂ.ಆರ್. 853 ಎಂಬ ತಳಿಗಳು ಬಂದಿವೆ. ಆ ಹೆಸರಿನ ಮೊದಲ ಅಕ್ಷರ ಬದನಾಪುರದ್ದು. ಉಳಿದ ಮೂರಕ್ಕೆ ಗೊಡ್ಡುರೋಗ ತಡೆಯುವುದು ಎಂದೇ ಅರ್ಥ. ಮನೆಬಾಗಿಲಿನ ಮದ್ದು ಎಂದರೆ ಇದೇ. ಆದರೆ ವೈರಸ್ಸಿನಲ್ಲೂ ಬಗೆಗಳಿವೆ, ಬೆಂಗಳೂರಿನ ಕಡೆಯದು ಪಟಾಂಚೆರುವಿನದಕ್ಕಿಂತ ಉಗ್ರ. ಒಂದೂರಿನಲ್ಲಿ ಗೆದ್ದ ತಳಿ ಇನ್ನೊಂದೂರಿನಲ್ಲಿ ಸೋಲಬಹುದು. ಆದಕಾರಣ ತನ್ನ ಜಿಲ್ಲೆಯ ಶಿಫಾರಸನ್ನೇ ರೈತ ಕೇಳಿಕೊಳ್ಳಬೇಕು.

ಎರಡನೆಯದು ಬೇಸಿಗೆಯ ಮಾತು. ತೆಂಗಿನ ನುಸಿಗೆ ಬೇಸಿಗೆ ರಜೆಯಿಲ್ಲ, ಮಾರ್ಚಿಯಿಂದ ಮೇ ತನಕ ಅದರ ಸುಗ್ಗಿ. ತೊಗರಿಯ ನುಸಿಗೆ ಹಾಗಲ್ಲ. ತೊಗರಿ ಕಟಾವಾದ ಮೇಲೆ ಜೂನಿನ ಬಿತ್ತನೆಯವರೆಗೆ ಹೊಲ ಬೋಳು. ಬೇರೆ ಬೆಳೆಯ ಮೇಲೆ ಬಾಳಲಾರದ ನುಸಿ ಈ ನಾಲ್ಕೈದು ತಿಂಗಳು ಎಲ್ಲಿಗೆ ಹೋಗಬೇಕು? ಬದುವಿನ ಮೇಲೆ, ಕಬ್ಬಿನ ಗದ್ದೆಯ ಅಂಚಿನಲ್ಲಿ, ಬಾವಿಯ ಬಳಿ ನೀರಿನ ಪಸೆಗೆ ಜೀವ ಹಿಡಿದ ಒಂದೆರಡು ಹಳೆಯ ತೊಗರಿ ಗಿಡಗಳಿಗೆ. ಕತ್ತರಿಸಿದ ಬುಡದಿಂದ ಮತ್ತೆ ಚಿಗುರಿದ ಕೂಳೆಗಳಿಗೆ. ಮಳೆ ಬಿದ್ದು ಹೊಸ ಸಸಿ ಎದ್ದಾಗ ಗಾಳಿಯೇರಿ ಅಲ್ಲಿಂದ ಹೊರಡುತ್ತದೆ. ಈ ಸೇತುವೆಯನ್ನು ಮುರಿಯುವುದಕ್ಕೆ ಬಾಟಲಿ ಬೇಡ, ಕುಡುಗೋಲು ಸಾಕು. ಬಿತ್ತಿದ ಮೊದಲ ಒಂದೂವರೆ ತಿಂಗಳು ಹೊಲದಲ್ಲಿ ಅಡ್ಡಾಡಿ ಚಿತ್ತಾರದ ಎಲೆ ಕಂಡ ಗಿಡವನ್ನು ಕಿತ್ತು ಹಾಕಿದರೆ ಇನ್ನೂ ಒಳ್ಳೆಯದು. ನುಸಿನಾಶಕದಿಂದ ಏನಾದರೂ ಉಪಯೋಗವಿದ್ದರೆ ಆ ಎಳೆಯ ದಿನಗಳಲ್ಲಿ ಮಾತ್ರ. ರೋಗ ಹಿಡಿದ ಗಿಡಕ್ಕೆ ಯಾವ ಎಣ್ಣೆ ಹೊಡೆದರೂ ಅದು ಹೂ ಬಿಡದು.

ನಮ್ಮ ಗೆಳೆಯನ ಮನೆಯ ಬಾವಿಯ ಬಳಿಯಲ್ಲೂ ಅಂಥ ಮೂರು ಗಿಡಗಳಿದ್ದವು. ಮೊಮ್ಮಕ್ಕಳಿಗೆ ಹಸಿ ತೊಗರಿಕಾಯಿ ಬೇಯಿಸಿ ಕೊಡಲೆಂದು ಅವನ ತಾಯಿ ವರ್ಷವಿಡೀ ನೀರೆರೆದು ಉಳಿಸಿಕೊಂಡವು. ಹೊಲಕ್ಕೆ ರೋಗ ಅಲ್ಲಿಂದಲೇ ಹೋಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮೂರರಲ್ಲಿ ಎರಡು ಗಿಡಗಳ ಎಲೆಯಲ್ಲಿ ಅದೇ ಚಿತ್ತಾರವಿತ್ತು.

ನಮ್ಮ ತೋಟದ ಪಾಠ

ತೆಂಗಿಗೆ ಕುಡುಗೋಲಿನ ಉಪಾಯ ಸಲ್ಲದು. ಅಲ್ಲಿ ನುಸಿಯನ್ನು ಪೂರ್ತಿ ನಿರ್ಮೂಲ ಮಾಡುವೆನೆಂಬ ಹಟ ಬಿಟ್ಟು ಹದ್ದಿನಲ್ಲಿಡುವ ದಾರಿ ಹಿಡಿಯಬೇಕು. ನಮ್ಮದೇ ಊರಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯವರು ಹೇಳುತ್ತ ಬಂದದ್ದು ಅದನ್ನೇ. 10 ಲೀಟರ್ ನೀರಿಗೆ 200 ಮಿಲಿಲೀಟರ್ ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿಯ ರಸ, 50 ಗ್ರಾಂ ಸಾಬೂನು. ಮರಕ್ಕೆಲ್ಲ ಎರಚದೆ, ನುಸಿ ಹೊಗುವ ಪ್ರಾಯದ ಎಳೆಗೊನೆಗಳಿಗೆ ಮಾತ್ರ, ತೊಟ್ಟಿನ ಬಳಿಗೆ ತಾಗುವಂತೆ, ವರ್ಷದಲ್ಲಿ ಮೂರು ಸಲ. ಮರದ ಬುಡಕ್ಕೆ ಸೊಪ್ಪು, ಗೊಬ್ಬರ, ಬೇಸಿಗೆಯಲ್ಲಿ ನೀರು. ನುಸಿಗೆ ರೋಗ ತರುವ ಹಿರ್ಸುಟೆಲ್ಲಾ ಎಂಬ ಶಿಲೀಂಧ್ರವೂ ಉಂಟು, ಅದನ್ನೂ ಬಳಸಿ ನೋಡಲಾಗಿದೆ. ಬೇಗನೆ ಸಿಗುವ ಜಯ ಇದರಲ್ಲಿಲ್ಲ. ಆದರೆ ಅಡುಗೆಮನೆಗೆ ವಿಷ ಬರುವುದಿಲ್ಲ.

ಕಾಸರಗೋಡಿನವರಾದ ನಾವು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆಲ ಇದು. ಅಲ್ಲಿಯೂ ಗುರಿ ಒಂದು ಸಣ್ಣ ಕೀಟ, ಚಹಾಸೊಳ್ಳೆ. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೇ ನಿಲ್ಲಿಸುವ ಹೊತ್ತಿಗೆ ಎಣ್ಮಕಜೆಯಂಥ ಊರುಗಳಲ್ಲಿ ಆದದ್ದು ಆಗಿಹೋಗಿತ್ತು. ನುಸಿಗೆಂದೇ ದಶಕಗಳ ಕಾಲ ಮಾರಿದ ಡೈಕೋಫಾಲ್ ಕೂಡ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು. ಜೀವಿ ಎಲ್ಲಿ ಬಾಳುತ್ತದೆ, ಎಷ್ಟು ದಿನ ಬಾಳುತ್ತದೆ, ಯಾವ ತಿಂಗಳಲ್ಲಿ ಅದಕ್ಕೆ ಆಸರೆ ತಪ್ಪುತ್ತದೆ, ಯಾರು ಅದನ್ನು ತಿನ್ನುತ್ತಾರೆ ಎಂಬ ನಾಲ್ಕು ಪ್ರಶ್ನೆ ಕೇಳದೆ ಮದ್ದಿಗೆ ಕೈಹಾಕಬಾರದು. ಈ ಜಿಲ್ಲೆ ಅದನ್ನು ತನ್ನ ಮಕ್ಕಳ ಮೈಯಿಂದ ಕಲಿತಿದೆ.

ಶಾಲೆಯ ಅಧ್ಯಾಪಕನಾಗಿ ನನ್ನ ವಿನಂತಿ ಎರಡು. ಒಂದು, ಬೆಳೆಗಳ ಬಗೆಗಿನ ಇಂಥ ತಿಳಿವಳಿಕೆಯ ಕರಪತ್ರಗಳು ಮಲಯಾಳದ ಜತೆಗೆ ಕನ್ನಡದಲ್ಲೂ, ಆ ಗಡಿಯಲ್ಲಿ ಮರಾಠಿಯ ಜತೆಗೆ ಕನ್ನಡದಲ್ಲೂ ಹೊರಬರಲಿ. ತೊಗರಿಯ ನುಸಿಗೆ ಬೆಂಗಳೂರಿನಲ್ಲಿ ನಾಮಕರಣವಾಗಿ ಅರುವತ್ತು ವರ್ಷವಾಗುತ್ತ ಬಂತು. ಆ ಸುದ್ದಿ ಕನ್ನಡ ಮಾತಾಡುವ ಒಂದು ತೊಗರಿ ಹೊಲಕ್ಕೆ ಇನ್ನೂ ತಲಪಿಲ್ಲವೆಂದರೆ ಯೋಚಿಸಬೇಕಾದ ಸಂಗತಿ. ಇನ್ನೊಂದು, ನಮ್ಮ ಹೈಸ್ಕೂಲುಗಳಲ್ಲಿ ಜೀವನಚಕ್ರ ಎಂದರೆ ಕಪ್ಪೆ, ಚಿಟ್ಟೆ, ಸೊಳ್ಳೆಯ ಚಿತ್ರ ಬರೆಯಿಸಿ ಮುಗಿಸುತ್ತೇವೆ. ಪ್ರಯೋಗಶಾಲೆಯ ಬೀಗ ತೆಗೆದು ಸೂಕ್ಷ್ಮದರ್ಶಕವನ್ನು ಹೊರಗಿಟ್ಟರೆ ಎಳೆಕಾಯಿಯೊಂದರ ಟೋಪಿ ಕಿತ್ತು ತೋರಿಸಲು ಹತ್ತು ನಿಮಿಷ ಸಾಕು. ಕಳೆದ ತಿಂಗಳು ನಾನು ತೋರಿಸಿದೆ. ಬಿಳಿ ಹುಡಿಯೆಂದು ಕಂಡದ್ದು ಹರಿದಾಡತೊಡಗಿದಾಗ ಒಬ್ಬ ಹುಡುಗಿ ಹಿಂದೆ ಸರಿದಳು. ಇನ್ನೊಬ್ಬಳು, "ಸಾರ್, ಇದು ನಮ್ಮ ತೋಟದಲ್ಲೂ ಉಂಟಾ?" ಎಂದು ಕೇಳಿದಳು. ಆ ಕಾಯಿ ಅವಳ ಮನೆಯ ತೋಟದ್ದೇ ಆಗಿತ್ತು.

ಮೊನ್ನೆ ಗೆಳೆಯನ ಫೋನು ಬಂದಿತ್ತು. ಕಾಕಾ ಈ ಸಲ ತಳಿ ಬದಲಿಸಲು ಒಪ್ಪಿದ್ದಾರಂತೆ. ಬಾವಿಯ ಬಳಿಯ ಗಿಡಗಳ ವಿಚಾರದಲ್ಲಿ ತಾಯಿ ಇನ್ನೂ ಒಪ್ಪಿಲ್ಲ. "ನುಸಿ ಕಾಣಂಗಿಲ್ಲ ಅಂತಾಳ, ಕಾಣಂಗಿಲ್ಲಂದ್ರ ಹ್ಯಾಂಗ ನಂಬೋದು?" ಎಂದ. ಆ ತಾಯಿಯ ಪ್ರಶ್ನೆ ನ್ಯಾಯವಾದದ್ದು. ಕಾಣಿಸಿಕೊಡುವ ಕೆಲಸ ನಮ್ಮಂಥವರದು, ಅಧ್ಯಾಪಕರದು, ಕೃಷಿ ಅಧಿಕಾರಿಗಳದು. ಜೂನಿನ ಬಿತ್ತನೆಗೆ ಮೊದಲು ಅಲ್ಲಿಯೂ, ಮಾರ್ಚಿಯ ಬಿಸಿಲಿಗೆ ಮೊದಲು ಇಲ್ಲಿಯೂ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?